ಒಂದೇ ಹಾಡು, ನಾಲ್ಕು ಗಂಟಲು: ಬ್ಲ್ಯಾಕ್ ಫ್ಲ್ಯಾಗ್‌ಗೆ ಯಾರು ಬಂದರು, ಯಾರು ಹೋದರು

(ಪರದೆ ಮೇಲೆ: ನಾಲ್ಕು ಕಪ್ಪು ಪಟ್ಟಿಗಳು. ಹಿನ್ನೆಲೆಯಲ್ಲಿ ಮಳೆ ಸದ್ದು.)

ನಮಸ್ಕಾರ. ಹೋದ ವಾರ ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ ಒಬ್ಬ ಕಾಲೇಜು ಹುಡುಗ ಈ ನಾಲ್ಕು ಪಟ್ಟಿಯ ಟೀ ಶರ್ಟ್ ಹಾಕಿಕೊಂಡು ಕಾಫಿಪುಡಿ ಅಂಗಡಿ ಮುಂದೆ ನಿಂತಿದ್ದ. ಅಮೆರಿಕದ ಬ್ಲ್ಯಾಕ್ ಫ್ಲ್ಯಾಗ್ ಅನ್ನುವ ರಾಕ್ ಬ್ಯಾಂಡಿನ ಗುರುತು ಅದು. "ಬ್ಲ್ಯಾಕ್ ಫ್ಲ್ಯಾಗ್ ಕೇಳ್ತೀಯೇನಪ್ಪಾ?" ಅಂದೆ. "ಕೇಳ್ತೀನಿ ಅಣ್ಣ. ಆದ್ರೆ ಒಂದೊಂದು ರೆಕಾರ್ಡಲ್ಲಿ ಒಬ್ಬೊಬ್ರು ಹಾಡ್ತಾರೆ. ಇವರಲ್ಲಿ ಅಸಲಿ ಸಿಂಗರ್ ಯಾರು?" ಅಂದ. ಅಲ್ಲೇ ಹೇಳೋಕೆ ಶುರು ಮಾಡಿದೆ. ಅಷ್ಟರಲ್ಲಿ ಮಳೆ ಹಿಡೀತು, ಮಾತು ಅರ್ಧಕ್ಕೇ ನಿಂತಿತು. ಉಳಿದ ಅರ್ಧ ಇಲ್ಲಿದೆ.

ಮೊದಲು ನಮ್ಮ ಕಡೆಯ ಒಂದು ವಿಷಯ. ನಾನು ಕೊಪ್ಪದ ಕಡೆಯವನು. ಊರಿಗೆ ಯಕ್ಷಗಾನ ಮೇಳ ಬಂದರೆ ಬೆಳಗಾಗುವವರೆಗೆ ಚಾಪೆ ಮೇಲೆ ಕೂತು ಆಟ ನೋಡುತ್ತಿದ್ದೆವು. ಹೊರಡುವ ಮುಂಚೆ ಮನೆಯ ದೊಡ್ಡವರದು ಒಂದೇ ಪ್ರಶ್ನೆ: "ಈ ವರ್ಷ ಭಾಗವತರು ಯಾರು?" ಮೇಳದ ಹೆಸರು ಅದೇ, ಪ್ರಸಂಗ ಅದೇ, ಪದ್ಯವೂ ಅದೇ. ಆದರೆ ಮಧ್ಯರಾತ್ರಿ ಬೇರೆ ಭಾಗವತರು ಬಂದು ಕೂತು ತಾಳ ಹಿಡಿದರೆ ಚಂಡೆಯ ಪೆಟ್ಟು ಬದಲಾಗುತ್ತದೆ, ಕುಣಿಯುವವರ ಹೆಜ್ಜೆ ಬದಲಾಗುತ್ತದೆ, ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರೆ. ತಿರುಗಾಟ ಮುಗಿದ ಮೇಲೆ ಯಾವ ಕಲಾವಿದರು ಯಾವ ಮೇಳ ಸೇರಿದರು ಅನ್ನುವುದೇ ಊರಿನ ಮಾತು. ಬ್ಲ್ಯಾಕ್ ಫ್ಲ್ಯಾಗ್ ಅನ್ನೂ ಹೀಗೇ ಕೇಳಬೇಕು.

(ಪರದೆ ಮೇಲೆ: ಕ್ಯಾಲಿಫೋರ್ನಿಯಾದ ನಕ್ಷೆ, ಕಡಲ ಪಕ್ಕ ಒಂದು ಚುಕ್ಕಿ.)

1976. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಅನ್ನುವ ಚಿಕ್ಕ ಊರು. ಗಿಟಾರ್ ಬಾರಿಸುವ ಗ್ರೆಗ್ ಗಿನ್ ಒಂದು ಬ್ಯಾಂಡ್ ಕಟ್ಟಿದರು. ಆಗ ಅದರ ಹೆಸರು ಪ್ಯಾನಿಕ್. ಹಾಡುವವರು ಕೀತ್ ಮಾರಿಸ್. ಸ್ವಲ್ಪ ದಿನಕ್ಕೆ ಬಾಸ್ ಗಿಟಾರ್‌ಗೆ ಚಕ್ ಡುಕೌಸ್ಕಿ ಬಂದರು. ಪ್ಯಾನಿಕ್ ಅನ್ನುವ ಹೆಸರಿನ ಬ್ಯಾಂಡ್ ಆಗಲೇ ಇನ್ನೊಂದಿತ್ತು. ಹಾಗಾಗಿ ಗಿನ್ ಅವರ ತಮ್ಮ, ಚಿತ್ರಕಾರ ರೇಮಂಡ್ ಪೆಟಿಬಾನ್, ಬ್ಲ್ಯಾಕ್ ಫ್ಲ್ಯಾಗ್ ಅನ್ನುವ ಹೆಸರು ಕೊಟ್ಟರು. ಈ ನಾಲ್ಕು ಪಟ್ಟಿ ಬರೆದವರೂ ಅವರೇ. ಸರಿಯಾಗಿ ನೋಡಿ, ಪಟ್ಟಿಗಳು ಒಂದೇ ಮಟ್ಟದಲ್ಲಿಲ್ಲ. ಗಾಳಿಗೆ ಆಡುತ್ತಿರುವ ಕಪ್ಪು ಬಾವುಟ ಅದು.

ಇವರ ಹಾಡನ್ನು ಹಾರ್ಡ್‌ಕೋರ್ ಅನ್ನುತ್ತಾರೆ. ಪಂಕ್ ಅಂದರೆ ಒರಟಾದ, ವೇಗದ ರಾಕ್. ಆ ಪಂಕ್ ಸಂಗೀತವನ್ನೇ ಇನ್ನೂ ವೇಗವಾಗಿ, ಇನ್ನೂ ಚಿಕ್ಕದಾಗಿ, ಇನ್ನೂ ಸಿಟ್ಟಿನಿಂದ ಬಾರಿಸಿದರೆ ಹಾರ್ಡ್‌ಕೋರ್. 1979ರಲ್ಲಿ ಬಂದ ಇವರ ಮೊದಲ ರೆಕಾರ್ಡಿನಲ್ಲಿ ನಾಲ್ಕು ಹಾಡಿವೆ, ನಾಲ್ಕೂ ಸೇರಿ ಐದು ನಿಮಿಷದ ಆಸುಪಾಸು. ಅದನ್ನು ಹೊರತಂದ ಎಸ್‌ಎಸ್‌ಟಿ ಕಂಪನಿಯೂ ಗಿನ್ ಅವರದೇ. ಹುಡುಗನಾಗಿದ್ದಾಗ ಹ್ಯಾಮ್ ರೇಡಿಯೋ ಸಾಮಾನು ಮಾರಲು ಶುರು ಮಾಡಿದ್ದ ಕಂಪನಿಯ ಹೆಸರನ್ನೇ ಇದಕ್ಕೂ ಇಟ್ಟರು.

ಆ ವರ್ಷವೇ ಕೀತ್ ಮಾರಿಸ್ ಬಿಟ್ಟು ಹೋದರು. ಹೋಗಿ ಸರ್ಕಲ್ ಜರ್ಕ್ಸ್ ಅನ್ನುವ ಬ್ಯಾಂಡ್ ಕಟ್ಟಿದರು, ಅದೂ ದೊಡ್ಡ ಹೆಸರು ಮಾಡಿತು. ಅವರ ಜಾಗಕ್ಕೆ ರಾನ್ ರೇಯಸ್ ಬಂದರು. 1980ರಲ್ಲಿ ಒಂದು ಶೋ ನಡೆಯುತ್ತಿರುವಾಗಲೇ, ಇನ್ನೂ ಒಂದೆರಡು ಹಾಡು ಆಗಿರಬೇಕಾದರೆ, ರೇಯಸ್ ವೇದಿಕೆ ಇಳಿದು ಹೊರಟೇಬಿಟ್ಟರು. ಬ್ಯಾಂಡ್ ನಿಲ್ಲಿಸಲಿಲ್ಲ. ಮುಂದೆ ನಿಂತಿದ್ದ ಜನಕ್ಕೇ ಮೈಕ್ ಕೊಟ್ಟು ಬಾರಿಸುತ್ತಾ ಹೋಯಿತು.

ಮೂರನೆಯವರು ಡೆಜ್ ಕಡೇನಾ. ನನಗೆ ಇವರ ಮೇಲೆ ಪ್ರೀತಿ ಜಾಸ್ತಿ. ಊರಿಂದ ಊರಿಗೆ ಶೋ, ದಿನವೂ ಗಂಟೆಗಟ್ಟಲೆ ಪ್ರಾಕ್ಟೀಸ್. ಗಂಟಲು ಹರಿದೇಹೋಯಿತು. ಇನ್ನು ಹಾಡೋಕೆ ಆಗಲ್ಲ, ಗಿಟಾರ್ ಬಾರಿಸುತ್ತೇನೆ ಅಂದರು. ನಡುವಿನ ಮೈಕ್ ಬಿಟ್ಟು ಪಕ್ಕಕ್ಕೆ ಬಂದು ನಿಂತು, ಅದೇ ಬ್ಯಾಂಡಿನಲ್ಲಿ ಉಳಿಯುವುದು ಅಂದರೆ ಸುಮ್ನೆ ಅಲ್ಲ.

(ಪರದೆ ಮೇಲೆ: ಐಸ್‌ಕ್ರೀಮ್ ಅಂಗಡಿಯ ಚಿತ್ರ.)

ನಾಲ್ಕನೆಯವರು ಹೆನ್ರಿ ರಾಲಿನ್ಸ್. ವಾಷಿಂಗ್ಟನ್ ಡಿ.ಸಿ.ಯ 20 ವರ್ಷದ ಹುಡುಗ, ಐಸ್‌ಕ್ರೀಮ್ ಅಂಗಡಿಯಲ್ಲಿ ಮ್ಯಾನೇಜರ್. 1981ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ನೋಡಲು ನ್ಯೂಯಾರ್ಕ್‌ಗೆ ಹೋದರು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಕೆಲಸದ ಬಗ್ಗೆ ಇರುವ ಆ ಹಾಡು ಬಾರಿಸಿ ಅಂತ ಕೇಳಿಕೊಂಡರು. ಬಾರಿಸಿದಾಗ ತಾವೇ ವೇದಿಕೆ ಹತ್ತಿ ಹಾಡಿದರು. ಆಮೇಲೆ ಬ್ಯಾಂಡಿನವರೇ ಕರೆದು, ತಮ್ಮ ಹಾಡುಗಳನ್ನೆಲ್ಲ ಹಾಡಿಸಿ ನೋಡಿ, ಸೇರಿಸಿಕೊಂಡರು. ಅಭಿಮಾನಿಯಾಗಿ ಹೋದವರು ಸಿಂಗರ್ ಆದರು.

ಆ ವರ್ಷದ ಕೊನೆಗೆ ಬಂದ ಆಲ್ಬಮ್ 'ಡ್ಯಾಮೇಜ್ಡ್'. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ ಬಾರಿಸಿದವರು ಕೊಲಂಬಿಯಾ ದೇಶದ ರೋಬೋ. ಅವರು ಕೈಗೆ ಬಳೆ ಹಾಕುತ್ತಿದ್ದರು. ಸ್ನೇರ್ ಡ್ರಮ್ಮಿಗೆ ಕೋಲು ಬಿದ್ದಾಗ ಪೆಟ್ಟಿನ ಹಿಂದೆಯೇ ಸಣ್ಣಗೆ ಝಲ್ ಅನ್ನುತ್ತದೆ, ಅಲ್ವಾ? ಅದು ಆ ಬಳೆ ಸದ್ದು. ಒಬ್ಬ ಮನುಷ್ಯನ ಮಣಿಕಟ್ಟಿನ ಸದ್ದು ಆಲ್ಬಮ್ಮಿನಲ್ಲಿ ಉಳಿದುಬಿಟ್ಟಿದೆ. ಆ ಡಿಸೆಂಬರ್‌ನಲ್ಲೇ ಇಂಗ್ಲೆಂಡ್ ಪ್ರವಾಸ ಮುಗಿಸಿ ಹೊರಟಾಗ ವೀಸಾ ತೊಂದರೆಯಾಗಿ ರೋಬೋ ಅಮೆರಿಕಕ್ಕೆ ವಾಪಸ್ ಬರಲಾಗಲಿಲ್ಲ. ಅಲ್ಲಿಗೆ ಈ ಬ್ಯಾಂಡಿನಲ್ಲಿ ಬಳೆ ಸದ್ದು ನಿಂತಿತು.

ಆಮೇಲೆ ಕೋರ್ಟು. ಯುನಿಕಾರ್ನ್ ಅನ್ನುವ ರೆಕಾರ್ಡ್ ಕಂಪನಿ ಜೊತೆ ಜಗಳವಾಗಿ, ಬ್ಯಾಂಡಿನ ಹೆಸರಲ್ಲಿ ಹೊಸ ರೆಕಾರ್ಡ್ ತರುವ ಹಾಗಿರಲಿಲ್ಲ. ಹಳೆಯ ರೆಕಾರ್ಡಿಂಗ್‌ಗಳನ್ನು ಒಟ್ಟು ಮಾಡಿ, ಬ್ಯಾಂಡಿನ ಹೆಸರು ಹಾಕದೆ, ಬಾರಿಸಿದವರ ಹೆಸರಷ್ಟೇ ಹಾಕಿ 'ಎವ್ರಿಥಿಂಗ್ ವೆಂಟ್ ಬ್ಲ್ಯಾಕ್' ತಂದರು. ಅದಕ್ಕಾಗಿ ಗಿನ್ ಮತ್ತು ಡುಕೌಸ್ಕಿ ಐದು ದಿನ ಜೈಲಲ್ಲಿದ್ದರು.

ಎಂ.ಜಿ. ರೋಡಿನ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಆ ರೆಕಾರ್ಡಿನಲ್ಲಿದೆ. 'ಡಿಪ್ರೆಷನ್' ಅನ್ನುವ ಒಂದೇ ಹಾಡನ್ನು ಅದರಲ್ಲಿ ಮೂವರು ಹಾಡಿದ್ದಾರೆ. ಕೀತ್ ಹಾಡಿದರೆ ಪಕ್ಕದ ಮನೆ ತುಂಟ ಹುಡುಗ ರೇಗಿಸಿದ ಹಾಗಿದೆ. ರೇಯಸ್ ಹಾಡಿದರೆ ಓಡುತ್ತಾ ಕೂಗಿದ ಹಾಗೆ. ಡೆಜ್ ಕಡೇನಾ ದನಿಯಲ್ಲಿ ಮರಳು ಕಾಗದ ಉಜ್ಜಿದ ಒರಟು ಇದೆ, ಪದಗಳ ಅಂಚು ಹರಿದಿದೆ. ಆಮೇಲೆ 'ಡ್ಯಾಮೇಜ್ಡ್' ಹಾಕಿ, ರಾಲಿನ್ಸ್ ಹಾಡಿದ್ದನ್ನು ಕೇಳಿ. ಅದು ಎದೆಯಿಂದ ಬರುತ್ತದೆ, ರೇಗಿಸುವುದು ಪೂರ್ತಿ ಹೋಗಿ ನೋವು ಉಳಿದಿದೆ. ಸಾಲು ಅದೇ, ಗಿನ್ ಗಿಟಾರ್ ಅದೇ. ನನ್ನ ಪ್ರಕಾರ ನಾಲ್ವರೂ ಅಸಲಿಯೇ.

1983ರಲ್ಲಿ ಡುಕೌಸ್ಕಿ ಹೋದರು, ಕಡೇನಾ ಕೂಡ ಹೋದರು. ಕೋರ್ಟ್ ಕಾಟ ತಪ್ಪಿದ ಮೇಲೆ 'ಮೈ ವಾರ್' ರೆಕಾರ್ಡ್ ಮಾಡುವಾಗ ಬಾಸ್ ಬಾರಿಸಲು ಯಾರೂ ಇರಲಿಲ್ಲ. ಡೇಲ್ ನಿಕ್ಸನ್ ಅನ್ನುವ ಸುಳ್ಳು ಹೆಸರಲ್ಲಿ ಗಿನ್ ತಾವೇ ಬಾರಿಸಿದರು. ಡ್ರಮ್ಮಿಗೆ ಬಿಲ್ ಸ್ಟೀವನ್ಸನ್. 1984ರಲ್ಲಿ ಬಂದ ಆ ಆಲ್ಬಮ್ಮಿನ ಎರಡನೇ ಮಗ್ಗುಲಲ್ಲಿ ಬರೀ ಮೂರು ಹಾಡು, ಒಂದೊಂದೂ ಆರು ನಿಮಿಷಕ್ಕಿಂತ ಜಾಸ್ತಿ, ಎತ್ತಿನಗಾಡಿ ದಿಣ್ಣೆ ಹತ್ತಿದ ಹಾಗೆ ನಿಧಾನ. ವೇಗ ಬೇಕು ಅಂತ ಬಂದಿದ್ದ ಜನ ಸಿಟ್ಟಾದರು. ನನಗಂತೂ ಮಳೆಗಾಲದ ಸಂಜೆ ಕರೆಂಟ್ ಹೋದಾಗ ಆ ಮಗ್ಗುಲು ಬೇಕು.

ಬಾಸ್‌ಗೆ ಆಮೇಲೆ ಬಂದವರು ಕೀರಾ ರೋಸ್ಲರ್. ಕಾಲೇಜಿನಲ್ಲಿ ಓದುತ್ತಾ ಓದುತ್ತಾ ಬ್ಯಾಂಡಿನಲ್ಲಿದ್ದರು. ಅವರ ಬೆರಳು ಬಿದ್ದ ಮೇಲೆ ಹಾಡಿನ ತಳ ಗಟ್ಟಿಯಾಯಿತು. 1985ರಲ್ಲಿ ಕೀರಾ, ಸ್ಟೀವನ್ಸನ್ ಇಬ್ಬರೂ ಬ್ಯಾಂಡಿನಿಂದ ಹೊರಗಾದರು. ಹೊಸಬರು ಬಂದರು, 1986ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಕೊನೆಯ ಶೋ ಆಯಿತು.

(ಪರದೆ ಮೇಲೆ: 2013.)

27 ವರ್ಷದ ಮೇಲೆ ಒಂದೇ ವರ್ಷ ಎರಡು ತಂಡ ಹೊರಟವು. ಗಿನ್ ಅವರದು ಬ್ಲ್ಯಾಕ್ ಫ್ಲ್ಯಾಗ್, ಸಿಂಗರ್ ಆಗಿ ಮತ್ತೆ ರಾನ್ ರೇಯಸ್. ಬಿಟ್ಟು ಹೋಗಿದ್ದ ಹಳಬರದು ಬರೀ ಫ್ಲ್ಯಾಗ್. ಹೆಸರಿಗಾಗಿ ಗಿನ್ ಕೋರ್ಟಿಗೆ ಹೋದರು, ತಡೆ ಸಿಗಲಿಲ್ಲ. ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಶೋ ಮುಗಿಯುವ ಮೊದಲೇ ರೇಯಸ್ ಅವರನ್ನು ತೆಗೆದುಹಾಕಿ, ಸ್ಕೇಟ್‌ಬೋರ್ಡ್ ಆಟಗಾರ ಮೈಕ್ ವ್ಯಾಲೆಲಿ ಅವರಿಂದ ಉಳಿದದ್ದನ್ನು ಹಾಡಿಸಿದರು. 1980ರಲ್ಲಿ ತಾವಾಗಿ ವೇದಿಕೆ ಇಳಿದಿದ್ದ ಮನುಷ್ಯನನ್ನು ಈ ಸಲ ಇಳಿಸಿದರು. ಅದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಗಿನ್ ನಿಲ್ಲಿಸಿಲ್ಲ. 2025ರಲ್ಲಿ ತಮಗಿಂತ ಎಷ್ಟೋ ಚಿಕ್ಕ ವಯಸ್ಸಿನವರನ್ನು ಸೇರಿಸಿಕೊಂಡು ಮತ್ತೆ ಹೊರಟರು.

ಫ್ಲ್ಯಾಗ್ ತಂಡದ 2013ರ ವಿಡಿಯೋಗಳನ್ನು ಹುಡುಕಿ ನೋಡಿ. ಬಾಸ್‌ಗೆ ಡುಕೌಸ್ಕಿ, ಡ್ರಮ್ಮಿಗೆ ಸ್ಟೀವನ್ಸನ್, ನಡುವೆ ಮೈಕ್ ಹಿಡಿದು ಕೀತ್ ಮಾರಿಸ್. ಒಂದು ಪಕ್ಕದಲ್ಲಿ ಗಿಟಾರ್ ಹಾಕಿಕೊಂಡು ಡೆಜ್ ಕಡೇನಾ ನಿಂತಿರುತ್ತಾರೆ. ಅವರ ಕಾಲದ ಹಾಡು ಬಂದಾಗ ಕೀತ್ ಮೈಕ್ ಬಿಟ್ಟುಕೊಡುತ್ತಾರೆ, ಡೆಜ್ ಹಾಡುತ್ತಾರೆ.