ಸುಟ್ಟ ಬಿರಡೆಯ ಮುಖ

ಕೇಳುಗರಿಗೆ ನಮಸ್ಕಾರ.

ರೇಡಿಯೋದಲ್ಲಿ ಚಿತ್ರದ ಬಗ್ಗೆ ಮಾತಾಡುವುದು ಸ್ವಲ್ಪ ಪಜೀತಿಯ ಕೆಲಸ. ನನಗೆ ತೋರಿಸಲು ಆಗುವುದಿಲ್ಲ, ನಿಮಗೆ ನೋಡಲು ಆಗುವುದಿಲ್ಲ. ಆದರೆ ನಾನು ಇವತ್ತು ಹೇಳಬೇಕೆಂದಿರುವ ಒಂದು ಮುಖವನ್ನು ನೀವೆಲ್ಲ ಈಗಾಗಲೇ ನೋಡಿದ್ದೀರಿ. ಅದನ್ನು ನಾನೂ ಒಮ್ಮೆ ಬರೆದಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1983ರ ಮಾತು. ಜೂನಿನಲ್ಲಿ ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದಿತ್ತು. ಸೋತ ಸಿಟ್ಟನ್ನು ಬಡ್ಡಿ ಸಮೇತ ತೀರಿಸಿಕೊಳ್ಳಲು ವೆಸ್ಟ್ ಇಂಡೀಸ್‌ನವರು ಅದೇ ವರ್ಷದ ಕೊನೆಗೆ ನಮ್ಮಲ್ಲಿಗೇ ಬಂದರು. ಕಾನ್ಪುರದ ಟೆಸ್ಟ್‌ನಲ್ಲಿ ಮಾಲ್ಕಮ್ ಮಾರ್ಷಲ್ ಎಸೆದ ಚೆಂಡಿಗೆ ಗಾವಸ್ಕರ್ ಕೈಯಿಂದ ಬ್ಯಾಟೇ ಹಾರಿಹೋಯಿತು. ನಾನಾಗ ಹೈಸ್ಕೂಲು. ಶಾಲೆಯ ಗೋಡೆ ಪತ್ರಿಕೆಗೆ ಚಿತ್ರ ಬರೆಯುವ ಜವಾಬ್ದಾರಿ ನನ್ನದು. ಸರಿ, ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಗೊಂಡು ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿದೆ. ಲಾಯ್ಡ್, ರಿಚರ್ಡ್ಸ್, ಹೋಲ್ಡಿಂಗ್, ಮಾರ್ಷಲ್. ಕಪ್ಪು ಇಂಕಿನಲ್ಲಿ ನಾಲ್ಕು ಗುಂಡು ತಲೆ. ಒಳಗೆ ಎರಡು ಬಿಳಿ ಕಣ್ಣು. ಕೆಳಗೆ ಇಡ್ಲಿ ದಪ್ಪದ ಕೆಂಪು ತುಟಿ. ಅಂಗಿಯ ಮೇಲೆ ಹೆಸರು.

ಡ್ರಾಯಿಂಗ್ ಮೇಷ್ಟ್ರು ಬಂದು ನೋಡಿದರು. ಕೈಯಲ್ಲಿ ಡಸ್ಟರ್ ಇತ್ತು. ಲಾಯ್ಡ್ ಅಂತ ಬರೆದಿದ್ದ ಜಾಗವನ್ನು ಅದರಿಂದ ಮುಚ್ಚಿ, ಪಕ್ಕದಲ್ಲಿದ್ದ ಹುಡುಗನನ್ನು ಕರೆದು, ‘ಇವನ್ಯಾರೋ?’ ಅಂತ ಕೇಳಿದರು.

‘ರಿಚರ್ಡ್ಸ್ ಸಾರ್.’

ಮೇಷ್ಟ್ರು ನನ್ನ ಕಡೆ ತಿರುಗಿದರು. ‘ನಾಲ್ಕು ಜನರನ್ನ ಬರೆದಿದ್ದೀಯೋ, ಒಬ್ಬನನ್ನೇ ನಾಲ್ಕು ಸಲ ಬರೆದಿದ್ದೀಯೋ?’

ಅವರ ತಲೆಯಲ್ಲಿ ಜನಾಂಗ, ಅವಮಾನ ಅಂತೆಲ್ಲ ಏನೂ ಇರಲಿಲ್ಲ. ಚಿತ್ರ ಕೆಟ್ಟಿದೆ ಅನ್ನುವುದಷ್ಟೇ ದೂರು. ಹೇಳಿ ಹೊರಟುಹೋದರು. ಡಸ್ಟರಿನ ಸುಣ್ಣದ ಗುರುತು ಲಾಯ್ಡ್ ಎದೆಯ ಮೇಲೆ ಹಾಗೇ ಉಳಿಯಿತು.

ಈಗ ಯೋಚಿಸಿದರೆ ನಗು ಬರುತ್ತದೆ. ವ್ಯಂಗ್ಯಚಿತ್ರ ಬರೆಯುವವನಿಗೆ ಆ ನಾಲ್ವರಿಗಿಂತ ಒಳ್ಳೆ ಸರಕು ಸಿಗುವುದೇ ಕಷ್ಟ. ಲಾಯ್ಡ್ ಅಂದರೆ ದಪ್ಪ ಗಾಜಿನ ಕನ್ನಡಕ, ಸೋಮಾರಿಯಂತೆ ಬಗ್ಗಿದ ಬೆನ್ನು, ಜೋತ ಮೀಸೆ. ರಿಚರ್ಡ್ಸ್ ಅಂದರೆ ಬಾಯಲ್ಲಿ ಚೂಯಿಂಗ್ ಗಮ್, ಹೆಲ್ಮೆಟ್ ಇಲ್ಲದ ತಲೆ, ಮಾವನ ಮನೆಗೆ ಬಂದ ಅಳಿಯನಂತೆ ಕ್ರೀಸಿಗೆ ನಡೆದು ಬರುವ ಗತ್ತು. ಹೋಲ್ಡಿಂಗ್ ಓಡಿ ಬರುವ ಸದ್ದು ಅಂಪೈರಿಗೂ ಕೇಳಿಸುತ್ತಿರಲಿಲ್ಲವಂತೆ. ಮಾರ್ಷಲ್ ಆ ತಂಡದ ಬೇರೆ ವೇಗದ ಬೌಲರುಗಳ ಮುಂದೆ ಗಿಡ್ಡ. ಇಷ್ಟೆಲ್ಲ ಇತ್ತು. ನಾನು ಒಂದನ್ನೂ ಬರೆದಿರಲಿಲ್ಲ.

ಯಾಕೆ ಅಂದರೆ ನಾನು ಅವರನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕಾಮೆಂಟರಿ ಕೇಳಿದ್ದೆ, ಪೇಪರಿನ ಮಸುಕು ಫೋಟೋ ನೋಡಿದ್ದೆ, ಅಷ್ಟೇ. ಆದರೂ ಆ ಮುಖ ಮಾತ್ರ ಯಾರೂ ಹೇಳಿಕೊಡದೆ ಕೈಯಲ್ಲಿ ಸಿದ್ಧವಾಗಿತ್ತು. ಅದು ಎಲ್ಲಿಂದ ಬಂತು? ಈ ಪ್ರಶ್ನೆ ನನಗೆ ಮತ್ತೆ ಎದುರಾದದ್ದು 35 ವರ್ಷ ಕಳೆದ ಮೇಲೆ, ಮೆಲ್ಬರ್ನಿನ ಒಂದು ಪತ್ರಿಕೆಯ ಚಿತ್ರ ನೋಡಿದಾಗ.

2018ರ ಸೆಪ್ಟೆಂಬರ್ 8. ನ್ಯೂಯಾರ್ಕಿನಲ್ಲಿ ಅಮೆರಿಕನ್ ಓಪನ್ ಟೆನಿಸ್‌ನ ಮಹಿಳೆಯರ ಫೈನಲ್. ಒಂದು ಕಡೆ ಸೆರೆನಾ ವಿಲಿಯಮ್ಸ್. ವಯಸ್ಸು 36, ಒಂದು ವರ್ಷದ ಮಗುವಿನ ತಾಯಿ. ಆಗಲೇ 23 ಗ್ರ್ಯಾಂಡ್‌ಸ್ಲಾಮ್ ಗೆದ್ದವರು, ಇನ್ನೊಂದು ಗೆದ್ದರೆ ಆಸ್ಟ್ರೇಲಿಯಾದ ಮಾರ್ಗರೆಟ್ ಕೋರ್ಟ್ ಅವರ ದಾಖಲೆಗೆ ಸಮ. ಇನ್ನೊಂದು ಕಡೆ ಜಪಾನಿನ ನವೊಮಿ ಒಸಾಕಾ, ವಯಸ್ಸು 20. ಅಪ್ಪ ಹೈಟಿಯವರು, ಅಮ್ಮ ಜಪಾನಿನವರು. ಮೊದಲ ಸೆಟ್ ಒಸಾಕಾಗೆ. ಎರಡನೆಯದರಲ್ಲಿ ಗಲಾಟೆ ಶುರುವಾಯಿತು. ಗ್ಯಾಲರಿಯಿಂದ ಕೋಚ್ ಸನ್ನೆ ಮಾಡಿದರು ಅಂತ ಅಂಪೈರ್ ಕಾರ್ಲೋಸ್ ರಾಮೋಸ್ ಎಚ್ಚರಿಕೆ ಕೊಟ್ಟರು. ಆಮೇಲೆ ಸೆರೆನಾ ರಾಕೆಟ್ ಕುಟ್ಟಿ ಮುರಿದರು, ಒಂದು ಪಾಯಿಂಟ್ ಹೋಯಿತು. ಅಂಪೈರನ್ನು ಕಳ್ಳ ಅಂದರು, ಒಂದು ಇಡೀ ಗೇಮ್ ಹೋಯಿತು. ಕೊನೆಗೆ 6-2, 6-4ರಲ್ಲಿ ಒಸಾಕಾ ಗೆದ್ದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಜಪಾನಿ ಆಟಗಾರ್ತಿ. ಸೆರೆನಾಗೆ 17,000 ಡಾಲರ್ ದಂಡ.

ಇದನ್ನು ಗೇಲಿ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಖಂಡಿತ ಮಾಡಬಹುದು. ಅಷ್ಟು ದೊಡ್ಡ ಆಟಗಾರ್ತಿ ಅಷ್ಟು ದೊಡ್ಡ ವೇದಿಕೆಯಲ್ಲಿ ರಾಕೆಟ್ ಮುರಿದರೆ ವ್ಯಂಗ್ಯಚಿತ್ರಕಾರ ಸುಮ್ನೆ ಕೂರಬೇಕಾ?

ಎರಡು ದಿನದಲ್ಲಿ ಮೆಲ್ಬರ್ನಿನ ಹೆರಾಲ್ಡ್ ಸನ್ ಪತ್ರಿಕೆಯಲ್ಲಿ ಮಾರ್ಕ್ ನೈಟ್ ಅವರ ಚಿತ್ರ ಬಂತು. ನಿಧಾನವಾಗಿ ಹೇಳುತ್ತೇನೆ, ಮನಸ್ಸಿನಲ್ಲೇ ಬರೆದುಕೊಳ್ಳಿ. ಮುಂದುಗಡೆ ಒಂದು ಭಾರಿ ಆಕೃತಿ, ನೆಲ ಬಿಟ್ಟು ಗಾಳಿಯಲ್ಲಿ ಎಗರಿದೆ. ಕಾಲಡಿ ಮುರಿದ ರಾಕೆಟ್. ಪಕ್ಕದಲ್ಲಿ ಮಕ್ಕಳು ಚೀಪುವ ಒಂದು ರಬ್ಬರ್ ನಿಪ್ಪಲ್ ಬಿದ್ದಿದೆ. ಹಿಂದೆ, ದೂರದಲ್ಲಿ, ಅಂಪೈರ್ ಎತ್ತರದ ಕುರ್ಚಿಯಿಂದ ಬಗ್ಗಿ ಇನ್ನೊಬ್ಬ ಆಟಗಾರ್ತಿಗೆ ಹೇಳುತ್ತಿದ್ದಾರೆ: ಅವಳೇ ಗೆಲ್ಲಲಿ, ಬಿಡಮ್ಮ.

ಆ ನಿಪ್ಪಲ್ ಇದೆಯಲ್ಲ, ಅದು ಒಳ್ಳೆ ಜೋಕು. ನನಗೂ ನಗು ಬಂತು. ಮಗು ಹಟ ಮಾಡಿ ನಿಪ್ಪಲ್ ಉಗಿದಂತೆ ಅನ್ನುವುದನ್ನು ಒಂದೂ ಮಾತಿಲ್ಲದೆ ಹೇಳಿಬಿಟ್ಟಿದ್ದಾರೆ. ಅಲ್ಲಿಗೆ ನಿಂತಿದ್ದರೆ ಚಿತ್ರ ಮುಗಿದಿತ್ತು.

ಆದರೆ ಮುಖ ನೋಡಿ. ಉಬ್ಬಿದ ದೊಡ್ಡ ತುಟಿ, ಅರ್ಧ ಮುಖಕ್ಕೆ ಹರಡಿದ ಮೂಗು, ತೆರೆದ ಬಾಯಿ. ಹೆಸರಿನ ಮೇಲೆ ಡಸ್ಟರ್ ಇಟ್ಟರೆ ಅದು ಸೆರೆನಾ ಅಂತ ಹೇಗೆ ಗೊತ್ತಾಗಬೇಕು? ಆ ಟೂರ್ನಿಯಲ್ಲಿ ಅವರು ಹಾಕಿದ್ದ ಕುಪ್ಪಸದಂಥ ಬಟ್ಟೆ, ಪುಗ್ಗೆಯಂತೆ ಉಬ್ಬಿದ ಲಂಗದಿಂದ. ಬಟ್ಟೆ ಸೆರೆನಾ ಅವರದು. ಮುಖ ನನ್ನ ಗೋಡೆ ಪತ್ರಿಕೆಯದು.

ಇನ್ನು ಹಿಂದೆ ನಿಂತಿರುವ ಆ ಇನ್ನೊಬ್ಬಳು. ತೆಳ್ಳಗೆ, ಬೆಳ್ಳಗೆ, ಬಂಗಾರದ ಬಣ್ಣದ ಜುಟ್ಟು. ಒಸಾಕಾ ಕೂದಲಿನ ತುದಿಗೆ ಆಗ ಆ ಬಣ್ಣ ಇತ್ತು, ನಿಜ. ಆದರೆ ಮೈಬಣ್ಣ? ಒಸಾಕಾ ಸೆರೆನಾ ಅವರಿಗಿಂತ ಸುಮಾರು ಎರಡು ಅಂಗುಲ ಎತ್ತರ, ಗಟ್ಟಿಮುಟ್ಟು ಆಳು, ಕಂದು ಮೈಯವರು. ಚಿತ್ರದಲ್ಲಿ ಆ ಯಾವ ಗುರುತೂ ಇಲ್ಲ. ದೂರದಲ್ಲಿದ್ದಾರೆ, ಚಿಕ್ಕದಾಗಿ ಬರೆದಿದ್ದಾರೆ, ಒಪ್ಪೋಣ. ಚಿಕ್ಕದಾಗಿ ಬರೆದರೆ ಬಣ್ಣ ಯಾಕೆ ಬದಲಾಗಬೇಕು? ಬಹಳ ಜನ ಸೆರೆನಾ ಮುಖದ ಬಗ್ಗೆಯೇ ಜಗಳ ಆಡಿದರು. ನನಗೆ ಆ ಹಿಂದಿನ ಆಕೃತಿಯೇ ಜಾಸ್ತಿ ಹೇಳುತ್ತದೆ. ಕೆಟ್ಟವಳು ಕಪ್ಪಾಗಬೇಕು, ಪಾಪದವಳು ಬೆಳ್ಳಗಿರಬೇಕು ಅಂತ ಕೈ ತಾನಾಗಿಯೇ ತೀರ್ಮಾನ ಮಾಡಿದೆ.

ಗಲಾಟೆ ಆಯಿತು. ಅಮೆರಿಕದ ಕಪ್ಪು ಪತ್ರಕರ್ತರ ಸಂಘ ಖಂಡಿಸಿತು. ನೈಟ್ ಅವರು, ಇದು ಕೆಟ್ಟ ನಡತೆಯ ಬಗ್ಗೆ, ಬಣ್ಣದ ಬಗ್ಗೆ ಅಲ್ಲ, ಕೆಲವು ದಿನಗಳ ಹಿಂದೆ ನಮ್ಮ ಆಸ್ಟ್ರೇಲಿಯಾದವನೇ ಆದ ಟೆನಿಸ್ ಆಟಗಾರ ಕಿರ್ಗಿಯೋಸ್‌ನನ್ನೂ ಗೇಲಿ ಮಾಡಿದ್ದೆ ಅಂದರು. ಪತ್ರಿಕೆ ಹಿಂಜರಿಯಲಿಲ್ಲ, ಚಿತ್ರವನ್ನು ಮತ್ತೆ ಮುಖಪುಟದಲ್ಲೇ ಹಾಕಿತು. 2019ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಪ್ರೆಸ್ ಕೌನ್ಸಿಲ್, ಕೆಲವರಿಗೆ ನೋವಾಗಿರಬಹುದು, ಆದರೆ ನಿಯಮ ಮುರಿದಿಲ್ಲ ಅಂತ ತೀರ್ಪು ಕೊಟ್ಟಿತು. ನಿಯಮದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ನೈಟ್ ಅವರ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ನಾನೂ ಹೇಳಲಾರೆ. ನನ್ನ ಮನಸ್ಸಿನಲ್ಲೂ ಇರಲಿಲ್ಲವಲ್ಲ. ರಿಚರ್ಡ್ಸ್ ನನ್ನ ದೇವರು.

ಹಾಗಾದರೆ ಆ ತುಟಿ ಎಲ್ಲಿಂದ ಬಂತು?

ಅದಕ್ಕೊಂದು ಹುಟ್ಟೂರು ಇದೆ. 1830ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಟಿ. ಡಿ. ರೈಸ್ ಅನ್ನುವ ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು, ಜಿಮ್ ಕ್ರೋ ಅನ್ನುವ ಹೆಸರಿನಲ್ಲಿ ಕಪ್ಪು ಗುಲಾಮನಂತೆ ಕುಣಿದು ಹಾಡಿದ. ಜನ ಮುಗಿಬಿದ್ದರು. ಅದೇ ಧಾಟಿಯ ನಾಟಕ ಮಂಡಳಿಗಳು ಊರೂರಿಗೆ ಹುಟ್ಟಿಕೊಂಡವು, ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು, ಆಸ್ಟ್ರೇಲಿಯಾಕ್ಕೂ ಹೋದವು. ಆಮೇಲೆ ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನುಗಳಿಗೂ ಆ ಪಾತ್ರದ ಹೆಸರೇ ಅಂಟಿಕೊಂಡಿತು. ಬಣ್ಣ ಹಾಕುವ ರೀತಿ ಹೀಗೆ: ಬಾಟಲಿಯ ಬಿರಡೆಯನ್ನು ಸುಡುವುದು, ಮಸಿಯನ್ನು ನೀರಿನಲ್ಲಿ ಕಲಸಿ ಮುಖಕ್ಕೆಲ್ಲ ಬಳಿಯುವುದು, ಬಾಯಿಯ ಸುತ್ತ ಮಾತ್ರ ಅಗಲವಾಗಿ ಜಾಗ ಬಿಟ್ಟು ಬಿಳಿ ಅಥವಾ ಕೆಂಪು ತೀಡುವುದು. ದೀಪದ ಮಂದ ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ಬಾಯಿ ಕಾಣಬೇಕಲ್ಲ.

ಅಂದರೆ ನಾನು ಬರೆದದ್ದು ಕಪ್ಪು ಮನುಷ್ಯನ ಮುಖವೇ ಅಲ್ಲ. ಅದು ಮಸಿ ಬಳಿದುಕೊಂಡ ಬಿಳಿಯ ನಟನ ಮುಖ. ಯಕ್ಷಗಾನದ ಬಣ್ಣದ ವೇಷ ನೋಡಿ, ಕರಾವಳಿಯ ಜನರ ಮುಖ ಹೀಗೇ ಇರುತ್ತದೆ ಅಂತ ಯಾರಾದರೂ ಬರೆದ ಹಾಗೆ. ಆ ವೇಷ ರಂಗದಿಂದ ಇಳಿದು ಪೋಸ್ಟರಿಗೆ ಬಂತು, ಸೋಪಿನ ಜಾಹೀರಾತಿಗೆ ಬಂತು, ಕಾಮಿಕ್ಸಿಗೆ ಬಂತು. ಹಾಗೇ ಬರುತ್ತಾ ನನ್ನ ಡ್ರಾಯಿಂಗ್ ಶೀಟಿಗೂ ಬಂತು.

ಕ್ರೀಡಾಪುಟದಲ್ಲಿ ಇದಕ್ಕೆ ಹೆಚ್ಚು ಬಲಿಯಾದವರು ಜ್ಯಾಕ್ ಜಾನ್ಸನ್. 1908ರ ಡಿಸೆಂಬರ್ 26ರಂದು, ಅದೂ ಆಸ್ಟ್ರೇಲಿಯಾದ ಸಿಡ್ನಿಯಲ್ಲೇ, ಕೆನಡಾದ ಟಾಮಿ ಬರ್ನ್ಸ್‌ನನ್ನು ಹೊಡೆದು ಹೆವಿವೇಟ್ ಬಾಕ್ಸಿಂಗ್‌ನ ಮೊದಲ ಕಪ್ಪು ವಿಶ್ವ ಚಾಂಪಿಯನ್ ಆದರು. 14ನೇ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಿದರು. ಚಿತ್ರೀಕರಣವನ್ನೂ ನಿಲ್ಲಿಸಿದರು, ಬಿಳಿಯ ಚಾಂಪಿಯನ್ ಮಗುಚುವುದು ಪರದೆಯ ಮೇಲೆ ಕಾಣಬಾರದು ಅಂತ. 1910ರ ಜುಲೈ 4ರಂದು ಅಮೆರಿಕದ ರೀನೋ ಊರಿನಲ್ಲಿ, ಬಿಳಿಯರ ಮಾನ ಉಳಿಸಲು ನಿವೃತ್ತಿಯಿಂದ ಎದ್ದು ಬಂದ ಜಿಮ್ ಜೆಫ್ರೀಸ್‌ನನ್ನೂ 15ನೇ ಸುತ್ತಿನಲ್ಲಿ ಮುಗಿಸಿದರು. ಆ ರಾತ್ರಿ ಅಮೆರಿಕದ ಎಷ್ಟೋ ಊರುಗಳಲ್ಲಿ ದಂಗೆ, ಸಾವು. ಹಲವು ನಗರಗಳಲ್ಲಿ ಪಂದ್ಯದ ಚಲನಚಿತ್ರವನ್ನೇ ತೋರಿಸಬಾರದು ಅಂದರು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೇ ಕಾನೂನಿನ ತಡೆ ಬಂತು.

ಇಲ್ಲಿ ಒಂದು ಕ್ಷಣ ನಿಲ್ಲಿ. ನಿಜವಾದ ಜಾನ್ಸನ್ ಓಡಾಡುವ ಚಿತ್ರಕ್ಕೆ ತಡೆ. ಪತ್ರಿಕೆಯವರು ಬರೆದ ಜಾನ್ಸನ್‌ಗೆ ತಡೆ ಇಲ್ಲ. ಆ ಜಾನ್ಸನ್ ಹೇಗಿದ್ದ? ಅದೇ ಮಸಿ ತಲೆ, ಅದೇ ತುಟಿ, ಅರ್ಧ ಕೋತಿ. ನಿಜವಾದವರು? ನುಣ್ಣಗೆ ಬೋಳಿಸಿದ ತಲೆ, ಬಾಯಲ್ಲಿ ಚಿನ್ನದ ಹಲ್ಲು, ಹೊಲಿಸಿದ ಸೂಟು, ಕಾರಿನ ಹುಚ್ಚು. ಎದುರಾಳಿಗೆ ಹೊಡೆಯುತ್ತಲೇ ಅವನ ಜೊತೆ, ಪ್ರೇಕ್ಷಕರ ಜೊತೆ ಹರಟೆ ಹೊಡೆಯುತ್ತಿದ್ದರು. ಗೇಲಿ ಮಾಡಲು ಇದಕ್ಕಿಂತ ಇನ್ನೇನು ಬೇಕು? ಆದರೆ ಅದೆಲ್ಲ ಬರೆದರೆ ಅವರು ಒಬ್ಬ ಮನುಷ್ಯ ಆಗಿಬಿಡುತ್ತಾರೆ.

ಸಿಡ್ನಿಯಲ್ಲೇ ಬುಲೆಟಿನ್ ಅನ್ನುವ ವಾರಪತ್ರಿಕೆ ಇತ್ತು, ವ್ಯಂಗ್ಯಚಿತ್ರಕ್ಕೆ ಹೆಸರುವಾಸಿ. ‘ಆಸ್ಟ್ರೇಲಿಯಾ ಬಿಳಿಯನಿಗೆ’ ಅನ್ನುವುದು ಅದರ ಘೋಷವಾಕ್ಯ. ಅದನ್ನು ತೆಗೆದದ್ದು 1960ರಲ್ಲಿ. ಮೆಲ್ಬರ್ನಿನ ಕೈಗೆ ಆ ಗೆರೆ ಅಷ್ಟು ಸಲೀಸಾಗಿ ಒದಗಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ.

ನಮಗೂ ಇದರ ಬಿಸಿ ಒಮ್ಮೆ ತಟ್ಟಿದೆ, ಕ್ರೀಡೆಯಲ್ಲಿ ಅಲ್ಲದಿದ್ದರೂ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಮಂಗಳನ ಕಕ್ಷೆ ಸೇರಿತಲ್ಲ, ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಿಯಂತ್ರಿಸಿ. ಕೆಲವೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸಿಂಗಪುರದ ಕಲಾವಿದರೊಬ್ಬರ ಚಿತ್ರ ಬಂತು. ಸೂಟು ಹಾಕಿದ ದೊಡ್ಡವರು ಕೂತಿರುವ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲನ್ನು ರುಮಾಲಿನ ರೈತನೊಬ್ಬ ತಟ್ಟುತ್ತಿದ್ದಾನೆ, ಕೈಯಲ್ಲಿ ಹಸುವಿನ ಹಗ್ಗ. ನಾವೆಲ್ಲ ಉರಿದುಬಿದ್ದೆವು. ಪತ್ರಿಕೆ ಕ್ಷಮೆ ಕೇಳಿತು. ಬಾಹ್ಯಾಕಾಶ ಈಗ ಶ್ರೀಮಂತ ದೇಶಗಳ ಸ್ವತ್ತಲ್ಲ ಅಂತ ಹೇಳುವುದು ಕಲಾವಿದರ ಉದ್ದೇಶ ಅಂತಲೂ ಅಂದಿತು. ಇರಬಹುದು, ಅದು ನಮ್ಮ ಪರವಾದ ಜೋಕೇ ಇರಬಹುದು. ಆದರೆ ಅದೇ ವಾರ ಪ್ರಪಂಚವೆಲ್ಲ ಸುತ್ತಿದ ಒಂದು ಫೋಟೋ ನೆನಪಿದೆಯಾ? ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂ ಮುಡಿದ ಇಸ್ರೋದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿದ್ದದ್ದು. ಕಣ್ಣೆದುರು ಅಂಥ ಚಿತ್ರ ಇದ್ದಾಗ ಹಸು ಯಾಕೆ ಬೇಕಿತ್ತು? ಹಸು ಮೊದಲೇ ಕೈಯಲ್ಲಿತ್ತು, ಅದಕ್ಕೆ.

ಮತ್ತೆ ಒಸಾಕಾ ವಿಷಯ. 2019ರ ಜನವರಿಯಲ್ಲಿ ಜಪಾನಿನ ನೂಡಲ್ಸ್ ಕಂಪನಿ ನಿಸ್ಸಿನ್ ತನ್ನ ಜಾಹೀರಾತಿನಲ್ಲಿ ಅವರ ಕಾರ್ಟೂನ್ ಮಾಡಿಸಿತು. ಅಲ್ಲೂ ಅವರು ಬೆಳ್ಳಗಾಗಿದ್ದರು! ಇದು ಗೇಲಿಯೂ ಅಲ್ಲ, ಮೆಚ್ಚುಗೆ. ಸ್ವಂತ ನಾಡಿನವರೇ ಮಾಡಿದ್ದು. ಕಂಪನಿ ತಪ್ಪೊಪ್ಪಿಕೊಂಡು ಜಾಹೀರಾತು ತೆಗೆಯಿತು. ಒಸಾಕಾ ಗಲಾಟೆ ಮಾಡಲಿಲ್ಲ, ನನ್ನ ಮೈ ಬಣ್ಣ ಏನು ಅಂತ ನೋಡಿದರೇ ಗೊತ್ತಾಗುತ್ತದೆ ಅನ್ನುವ ಹಾಗೆ ಮಾತಾಡಿ ಮುಗಿಸಿದರು.

ಆ ಫೈನಲ್ ಮುಗಿದ ಮೇಲಿನ ಹತ್ತು ನಿಮಿಷವನ್ನು ನಾನು ಆಮೇಲೆ ಹಲವು ಸಲ ನೋಡಿದ್ದೇನೆ. ಬಹುಮಾನದ ವೇದಿಕೆ. ಜನ ಬೂ ಅಂತ ಕೂಗುತ್ತಿದ್ದಾರೆ. ಗೆದ್ದ ಹುಡುಗಿ ತಾನೇ ಏನೋ ತಪ್ಪು ಮಾಡಿದಂತೆ ನಿಂತಿದ್ದಾಳೆ. ಅಳು ಬಂತು. ಹಣೆಯ ಮೇಲಿದ್ದ ಕಪ್ಪು ವೈಸರನ್ನು ಕೆಳಕ್ಕೆ ಎಳೆದು ಮುಖ ಮುಚ್ಚಿಕೊಂಡಳು. ಸೆರೆನಾ ಅವಳ ಹೆಗಲ ಸುತ್ತ ಕೈ ಹಾಕಿದರು. ಮೈಕಿನಲ್ಲಿ, ಬೂ ಅನ್ನುವುದು ಸಾಕು, ಅವಳು ಚೆನ್ನಾಗಿ ಆಡಿದಳು ಅಂದರು. ಸ್ವಲ್ಪ ಹೊತ್ತಿನ ಹಿಂದೆ ರಾಕೆಟ್ ಮುರಿದ ಕೈ ಅದು.

ಈಗ ಆ ಪಂದ್ಯದ ಚಿತ್ರ ಬರೆದುಕೊಡು ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ಬರೆಯುತ್ತೇನೆ. ನೆಲದ ಮೇಲೆ ಆ ನಿಪ್ಪಲ್ ಕೂಡ ಇರಲಿ, ಅದು ಚೆನ್ನಾಗಿದೆ. ಎತ್ತರದ ಹುಡುಗಿ ಇತ್ತ ಕಡೆ, ಉಬ್ಬಿದ ಲಂಗದ ಚಾಂಪಿಯನ್ ಅತ್ತ ಕಡೆ, ಮುರಿದ ರಾಕೆಟ್ ಕಂಕುಳಲ್ಲಿ. ವೈಸರ್ ಕೆಳಗೆ ಮುಖ ಕಾಣುವುದಿಲ್ಲ. ಬರೀ ಗದ್ದದ ತುದಿಯಲ್ಲಿ ಒಂದು ಹನಿ.

ನಮಸ್ಕಾರ.