ಉರುಳಿದ ವಿಮಾನಗಳು ಎಷ್ಟು?

ಕೇಳುಗರಿಗೆ ನಮಸ್ಕಾರ.

ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧ ನಡೆದರೂ ಮೊದಲ ದಿನ ಸಂಜೆಯೊಳಗೆ ಒಂದು ಲೆಕ್ಕ ಹೊರಬೀಳುತ್ತದೆ. ಇವರು ಅವರ ಇಷ್ಟು ವಿಮಾನ ಉರುಳಿಸಿದರಂತೆ, ಅವರು ಇವರ ಇಷ್ಟು ಕ್ಷಿಪಣಿ ತಡೆದರಂತೆ. ಎರಡೂ ಕಡೆಯ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ತಾಳೆಯೇ ಆಗುವುದಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ಯುದ್ಧದಲ್ಲಿ ಸುಳ್ಳಿಗೆ ಬರವಿಲ್ಲ, ನಿಜ. ಆದರೆ ಹಳೆಯ ಯುದ್ಧಗಳ ಕಡತ ತಿರುವಿ ಹಾಕಿದರೆ ಬೇರೊಂದು ವಿಷಯ ಗೊತ್ತಾಗುತ್ತದೆ. ಲೆಕ್ಕ ಕೆಟ್ಟದ್ದು ಎಷ್ಟೋ ಸಲ ತಮಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿದವರಿಂದ.

1940ರ ಸೆಪ್ಟೆಂಬರ್ 15ನ್ನೇ ತೆಗೆದುಕೊಳ್ಳಿ. ಅವತ್ತು ಭಾನುವಾರ. ಜರ್ಮನಿಯ ಬಾಂಬರ್‌ಗಳು ಒಂದೇ ದಿನ ಎರಡು ಸಲ ದೊಡ್ಡ ಗುಂಪು ಕಟ್ಟಿಕೊಂಡು ಲಂಡನ್ ಮೇಲೆ ಬಂದವು. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳು ಅವನ್ನು ಎದುರಿಸಿದವು. ಕಾಳಗ ಮುಗಿದ ಮೇಲೆ ಬ್ರಿಟನ್ ಪ್ರಕಟಿಸಿದ ಸಂಖ್ಯೆ 185. ಇಷ್ಟು ಜರ್ಮನ್ ವಿಮಾನ ಉರುಳಿವೆ ಅಂತ. ಯುದ್ಧ ಮುಗಿದು ಜರ್ಮನ್ ವಾಯುಪಡೆಯ ದಾಖಲೆಗಳು ಕೈಗೆ ಸಿಕ್ಕಾಗ ನೋಡಿದರೆ, ಆ ದಿನ ಅವರು ಕಳೆದುಕೊಂಡದ್ದು 60ರ ಆಸುಪಾಸು. ಮೂರು ಪಟ್ಟು ವ್ಯತ್ಯಾಸ!

ಇದು ಹೇಗಾಯಿತು? ಅವತ್ತು ಒಂದು ಡಾರ್ನಿಯರ್ ಬಾಂಬರ್‌ಗೆ ಎಂಜಿನ್ ಕೈಕೊಟ್ಟಿತ್ತು. ಗುಂಪಿನಿಂದ ಹಿಂದೆ ಬಿದ್ದು ಒಂಟಿಯಾಗಿ ಹೋಗುತ್ತಿತ್ತು. ಒಂಟಿ ಬಾಂಬರ್ ಕಂಡರೆ ಯಾರು ಬಿಡುತ್ತಾರೆ? ಒಬ್ಬರಾದ ಮೇಲೆ ಒಬ್ಬರು ಬಂದು ಗುಂಡು ಸುರಿಸಿ ಹೋದರು. ಹರಿಕೇನ್ ವಿಮಾನದಲ್ಲಿ ಎಂಟು ಮೆಷಿನ್ ಗನ್ ಇದ್ದರೂ, ಒಂದೇ ಸಮನೆ ಹೊಡೆದರೆ ಹದಿನೈದು ಸೆಕೆಂಡಿನಲ್ಲಿ ಗುಂಡು ಖಾಲಿ. ಹೊಡೆದವನು ತಕ್ಷಣ ಪಕ್ಕಕ್ಕೆ ತಿರುಗಲೇಬೇಕು, ಇಲ್ಲದಿದ್ದರೆ ಅವನ ಬೆನ್ನಿಗೇ ಇನ್ನೊಬ್ಬ ಬಂದಿರುತ್ತಾನೆ. ತಿರುಗುವಾಗ ಅವನಿಗೆ ಕಂಡದ್ದು ಹೊಗೆ, ಕಿತ್ತು ಹಾರಿದ ತುಂಡುಗಳು, ಕೆಳಗಿಳಿಯುತ್ತಿರುವ ವಿಮಾನ. ಕೊನೆಗೆ ರೇ ಹೋಮ್ಸ್ ಎಂಬ ಪೈಲಟ್ ಗುಂಡು ಮುಗಿದದ್ದರಿಂದ ತನ್ನ ಹರಿಕೇನನ್ನೇ ಅದಕ್ಕೆ ಗುದ್ದಿಸಿದರು. ಬಾಂಬರ್‌ನ ಬಾಲ ಮುರಿದು, ಉಳಿದದ್ದು ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದ ಅಂಗಳಕ್ಕೆ ಬಿತ್ತು. ಹೋಮ್ಸ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಬಿದ್ದ ಬಾಂಬರ್ ಒಂದೇ. ಅದನ್ನು ತಮ್ಮ ಲೆಕ್ಕಕ್ಕೆ ಬರೆಸಿದ ಪೈಲಟ್‌ಗಳು ಹಲವರು. ಅವರಲ್ಲಿ ಯಾರನ್ನೂ ಸುಳ್ಳುಗಾರ ಅನ್ನುವ ಹಾಗಿಲ್ಲ, ಅಲ್ವಾ?

ಇದೇ ಕಾಯಿಲೆ ಜರ್ಮನ್ನರಿಗೂ ಇತ್ತು. ತಮ್ಮ ಪೈಲಟ್‌ಗಳು ಬರೆಸಿದ ಲೆಕ್ಕವನ್ನು ಅವರ ಗೂಢಚರ್ಯೆ ವಿಭಾಗ ನಂಬಿಕೊಂಡು, ಬ್ರಿಟನ್ ಬಳಿ ಯುದ್ಧವಿಮಾನ ಮುಗಿಯುತ್ತ ಬಂತು ಅಂದುಕೊಂಡಿತ್ತು. ಅತ್ತ ಬ್ರಿಟನ್ನಿನ ಕಾರ್ಖಾನೆಗಳಿಂದ ಹೊಸ ವಿಮಾನಗಳು ಬರುತ್ತಲೇ ಇದ್ದವು. ಇನ್ನೇನು ನಾಲ್ಕಾರು ಸ್ಪಿಟ್‌ಫೈರ್ ಉಳಿದಿರಬೇಕು ಅಂದುಕೊಂಡು ಬಂದವರಿಗೆ ಅವತ್ತು ಲಂಡನ್ ಆಕಾಶದಲ್ಲಿ ಕಂಡದ್ದು ನೂರಾರು. ಉಬ್ಬಿದ ಲೆಕ್ಕಕ್ಕೆ ಮೊದಲು ಬಲಿಯಾದವರು ಲೆಕ್ಕ ಬರೆದವರೇ.

ಕೆಲವು ಸಲ ಯಾರೂ ಏನೂ ಹೇಳಿಕೊಳ್ಳದೆಯೂ ಒಂದು ಆಯುಧ ಬೆಳೆಯುತ್ತದೆ. ಎದುರಾಳಿಯ ತಲೆಯೊಳಗೇ ಬೆಳೆಯುತ್ತದೆ. ಸೋವಿಯತ್ ಒಕ್ಕೂಟದ ಮಿಗ್-25 ಅಂಥದ್ದು. 1967ರಲ್ಲಿ ಮಾಸ್ಕೋ ಹತ್ತಿರ ಡೊಮೊಡೆಡೊವೊದಲ್ಲಿ ಅದು ಹಾರಿ ತೋರಿಸಿಕೊಂಡಿತು. ದೊಡ್ಡ ರೆಕ್ಕೆ, ಭಾರೀ ಎಂಜಿನ್. ದೊಡ್ಡ ರೆಕ್ಕೆ ಅಂದರೆ ಚುರುಕಾಗಿ ತಿರುಗುತ್ತದೆ, ಹಗುರವಾದ ಟೈಟಾನಿಯಂನಲ್ಲಿ ಮಾಡಿರಬೇಕು ಅಂತ ಅಮೆರಿಕದವರು ಊಹಿಸಿದರು. ಮುಂದೆ ಈಜಿಪ್ಟ್ ಮೇಲೆ ಅದು ಶಬ್ದದ ಮೂರು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೋದದ್ದು ರೇಡಾರ್‌ನಲ್ಲಿ ಕಂಡಿತು. ಭಯ ಇನ್ನೂ ಹೆಚ್ಚಿತು. ಅಮೆರಿಕದ ಎಫ್-15 ಅಷ್ಟು ದೊಡ್ಡದಾಗಿ, ಅಷ್ಟು ದುಬಾರಿಯಾಗಿ ರೂಪುಗೊಂಡದ್ದರಲ್ಲಿ ಈ ಭಯದ ಪಾಲೂ ಇದೆ.

1976ರ ಸೆಪ್ಟೆಂಬರ್ 6ರಂದು ವಿಕ್ಟರ್ ಬೆಲೆಂಕೊ ಎಂಬ ಸೋವಿಯತ್ ಪೈಲಟ್ ತನ್ನ ಮಿಗ್-25 ಜೊತೆಗೇ ಪರಾರಿಯಾಗಿ ಜಪಾನಿನ ಹಕೊಡಾಟೆ ವಿಮಾನ ನಿಲ್ದಾಣದಲ್ಲಿ ಇಳಿದ. ಓಡುದಾರಿ ಸಾಲದೆ ವಿಮಾನ ಅದನ್ನೂ ದಾಟಿ ಮುಂದೆ ಹೋಗಿ ನಿಂತಿತು. ಬಿಚ್ಚಿ ನೋಡಿದರೆ ಬಹುಪಾಲು ನಿಕ್ಕೆಲ್ ಬೆರೆತ ಉಕ್ಕು! ಆ ತೂಕ ಎತ್ತುವುದಕ್ಕೇ ಅಷ್ಟು ದೊಡ್ಡ ರೆಕ್ಕೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು. ಮೂರು ಪಟ್ಟು ವೇಗವೂ ನಿಜವೇ, ಆದರೆ ಹಾಗೆ ಓಡಿಸಿದರೆ ಎಂಜಿನ್ ಸುಟ್ಟುಹೋಗುತ್ತಿತ್ತು. ಸೋವಿಯತ್ ಪೈಲಟ್‌ಗಳಿಗೆ 2.83 ಪಟ್ಟು ದಾಟಬಾರದು ಅಂತ ಮಿತಿಯೇ ಇತ್ತು. ಅದೇನೂ ಕೆಟ್ಟ ವಿಮಾನವಲ್ಲ. ಎತ್ತರದಲ್ಲಿ ನೇರ ನುಗ್ಗಿ ಬಾಂಬರ್ ಹೊಡೆಯುವುದು ಅದಕ್ಕೆ ಒಪ್ಪಿಸಿದ್ದ ಕೆಲಸ. ಆ ಕೆಲಸ ಅದಕ್ಕೆ ಚೆನ್ನಾಗಿ ಬರುತ್ತಿತ್ತು. ಅಮೆರಿಕ ಹೆದರಿಕೊಂಡ ವಿಮಾನ ಮಾತ್ರ ಬೇರೆ ಯಾವುದೋ.

ಇನ್ನು ಟಿವಿ ಕಾಲಕ್ಕೆ ಬರೋಣ. 1991ರ ಕೊಲ್ಲಿ ಯುದ್ಧ. ಇರಾಕ್ ಸ್ಕಡ್ ಕ್ಷಿಪಣಿ ಬಿಡುತ್ತಿತ್ತು, ಅಮೆರಿಕದ ಪೇಟ್ರಿಯಟ್ ಕ್ಷಿಪಣಿಗಳು ಮೇಲೇರುತ್ತಿದ್ದವು. ರಾತ್ರಿಯ ಆಕಾಶದಲ್ಲಿ ಫಳಾರನೆ ಬೆಳಕು. ನೋಡಿದವರಿಗೆಲ್ಲ ಹೊಡೆತ ಬಿತ್ತು ಅಂತಲೇ ಅನಿಸಿತು. ಫೆಬ್ರವರಿ 15ರಂದು ಅಧ್ಯಕ್ಷ ಬುಷ್ ಪೇಟ್ರಿಯಟ್ ತಯಾರಿಸುವ ರೇಥಿಯಾನ್ ಕಾರ್ಖಾನೆಗೇ ಹೋಗಿ, 42 ಸ್ಕಡ್‌ಗಳಲ್ಲಿ 41 ತಡೆದಿದ್ದೇವೆ ಅಂದರು. ಚಪ್ಪಾಳೆಯೋ ಚಪ್ಪಾಳೆ.

ಆಕಾಶದಲ್ಲಿ ನಡೆದದ್ದೇನು? ಇರಾಕಿಗಳು ಸ್ಕಡ್ ಹೆಚ್ಚು ದೂರ ಹೋಗಲಿ ಅಂತ ಅದರ ಉದ್ದ ಹೆಚ್ಚಿಸಿದ್ದರು. ಕೆಳಗೆ ಬರುವಾಗ ಅದು ತಾನಾಗಿಯೇ ತುಂಡಾಗುತ್ತಿತ್ತು. ಪೇಟ್ರಿಯಟ್ ಹತ್ತಿರ ಹೋಗಿ ಸಿಡಿದರೂ, ಸ್ಫೋಟಕ ತುಂಬಿದ ಸಿಡಿತಲೆ ಮಾತ್ರ ಕೆಳಗೆ ಬಂದು ಬೀಳುವ ಸಾಧ್ಯತೆ ಇತ್ತು. ಬೆಳಕು ಕಂಡವರಿಗೆ ಅದು ಕಾಣುವುದು ಹೇಗೆ? ಯುದ್ಧದ ನಂತರ ವಿಜ್ಞಾನಿ ಥಿಯೊಡೋರ್ ಪೋಸ್ಟಲ್ ಅದೇ ಟಿವಿ ದೃಶ್ಯಗಳನ್ನು ಒಂದೊಂದು ಚಿತ್ರವಾಗಿ ನಿಲ್ಲಿಸಿ ನೋಡಿ, ಸಿಡಿತಲೆಗೆ ಪೆಟ್ಟು ಬಿದ್ದದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಎಂದು ವಾದಿಸಿದರು. ಸೇನೆ ಒಪ್ಪಲಿಲ್ಲ, ಆದರೂ ತನ್ನ ಲೆಕ್ಕವನ್ನು ಇಳಿಸುತ್ತ ಬಂತು. 1992ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಕೊಟ್ಟ ವರದಿಯ ಪ್ರಕಾರ, ಗಟ್ಟಿ ಸಾಕ್ಷ್ಯ ಇದ್ದದ್ದು ಸುಮಾರು ಶೇಕಡಾ 9 ಪ್ರಕರಣಗಳಿಗೆ ಮಾತ್ರ.

ಬುಷ್ ಭಾಷಣವಾಗಿ ಹತ್ತು ದಿನಕ್ಕೆ, ಫೆಬ್ರವರಿ 25ರಂದು, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಸೈನಿಕರ ವಸತಿಯ ಮೇಲೆ ಸ್ಕಡ್ ಬಿತ್ತು. 28 ಜನ ಸತ್ತರು. ಪೇಟ್ರಿಯಟ್ ಕಂಪ್ಯೂಟರ್ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಆ ಸಂಖ್ಯೆಯನ್ನು ಅದು ಪೂರ್ತಿ ನಿಖರವಾಗಿ ಇಟ್ಟುಕೊಳ್ಳಲಾಗದೆ ಪ್ರತಿ ಸಲ ಒಂಚೂರು ಕತ್ತರಿಸುತ್ತಿತ್ತು. ಅಲ್ಲಿದ್ದ ಪೇಟ್ರಿಯಟ್ ಘಟಕವನ್ನು 100 ಗಂಟೆಗೂ ಹೆಚ್ಚು ಕಾಲ ಆರಿಸದೆ ಓಡಿಸಿದ್ದರು. ಅಷ್ಟು ಹೊತ್ತಿಗೆ ತಪ್ಪು 0.34 ಸೆಕೆಂಡಿಗೆ ಬೆಳೆದಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಹೋಗುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ಹುಡುಕಿ, ಅಲ್ಲೇನೂ ಇಲ್ಲ ಅಂದುಕೊಂಡಿತು. ಪೇಟ್ರಿಯಟ್ ಹಾರಲೇ ಇಲ್ಲ. ಸರಿಪಡಿಸಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು ಮರುದಿನ.

ಹಾಗಾಗಿ ನನಗೆ ಎಣಿಕೆಗಿಂತ ಅವಶೇಷದ ಮೇಲೆ ನಂಬಿಕೆ ಜಾಸ್ತಿ. 1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದ ಬುಜಾನೊವ್ತ್ಸಿ ಊರಿನ ಹತ್ತಿರ ಅಮೆರಿಕದ ಎಫ್-117 ಬಿತ್ತು. ರೇಡಾರ್ ಕಣ್ಣಿಗೆ ಬೀಳದ ವಿಮಾನ ಅಂತ ಹೆಸರಾಗಿದ್ದದ್ದು. ಹೊಡೆದದ್ದು 1960ರ ದಶಕದ ಸೋವಿಯತ್ ಕ್ಷಿಪಣಿ. ಬರೀ ಬಾಯಿಮಾತಾಗಿದ್ದರೆ ಎಷ್ಟು ಜನ ನಂಬುತ್ತಿದ್ದರೋ! ಆದರೆ ಮುರಿದ ರೆಕ್ಕೆ ಹೊಲದಲ್ಲಿ ಬಿದ್ದಿತ್ತು, ಕ್ಯಾಮೆರಾಗಳೂ ಅಲ್ಲಿಗೆ ಹೋದವು. ವಾದ ಅಲ್ಲಿಗೆ ಮುಗಿಯಿತು.

ಈಗ ಕ್ಯಾಮೆರಾವನ್ನೂ ಸುಮ್ನೆ ನಂಬುವ ಹಾಗಿಲ್ಲ. 2008ರಲ್ಲಿ ಇರಾನ್ ನಾಲ್ಕು ಕ್ಷಿಪಣಿ ಒಟ್ಟಿಗೆ ಏರುತ್ತಿರುವ ಚಿತ್ರ ಹೊರಬಿಟ್ಟಿತು. ಜಗತ್ತಿನ ಪತ್ರಿಕೆಗಳೆಲ್ಲ ಹಾಕಿಕೊಂಡ ಮೇಲೆ ಯಾರೋ ಹೊಗೆಯ ಆಕಾರ ಗಮನಿಸಿದರು. ಒಂದು ಕ್ಷಿಪಣಿಯನ್ನು ಉಳಿದವುಗಳ ತುಂಡು ಸೇರಿಸಿ ಅಂಟಿಸಿದ್ದರು. 2022ರಲ್ಲಿ ಉಕ್ರೇನಿನ ಒಬ್ಬನೇ ಪೈಲಟ್ ಸಾಲುಸಾಲು ರಷ್ಯನ್ ವಿಮಾನಗಳನ್ನು ಉರುಳಿಸಿದ ಅಂತ ಸುದ್ದಿ ಹಬ್ಬಿತು. "ಕೀವ್‌ನ ಭೂತ" ಅಂತ ಅವನ ಹೆಸರು. ಅವನದ್ದೆಂದು ಓಡಾಡಿದ ಒಂದು ವಿಡಿಯೋ ಕಂಪ್ಯೂಟರ್ ಆಟದ್ದು. ಅಂಥ ಒಬ್ಬ ವ್ಯಕ್ತಿ ಇಲ್ಲ, ಅದು ಜನ ಕಟ್ಟಿಕೊಂಡ ಕಥೆ ಅಂತ ಏಪ್ರಿಲ್ ಕೊನೆಗೆ ಉಕ್ರೇನ್ ವಾಯುಪಡೆಯೇ ಹೇಳಿತು.

ಆರ್ಮಾ 3 ಎಂಬ ಆಟದ ದೃಶ್ಯಗಳು ಎಷ್ಟು ಸಲ ಯುದ್ಧದ ಸುದ್ದಿಯಾಗಿ ಓಡಾಡಿದವು ಅಂದರೆ, ಅದನ್ನು ತಯಾರಿಸುವ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ ಅದೇ ವರ್ಷ ನವೆಂಬರ್‌ನಲ್ಲಿ ಗುರುತು ಹಿಡಿಯುವ ಬಗೆ ಪ್ರಕಟಿಸಬೇಕಾಯಿತು. ವಿಡಿಯೋ ಮಸುಕಾಗಿರುತ್ತದೆ, ಕ್ಯಾಮೆರಾ ಅಲ್ಲಾಡುತ್ತಿರುತ್ತದೆ, ಹೆಚ್ಚಾಗಿ ಕತ್ತಲಲ್ಲಿ ತೆಗೆದದ್ದು. ಶಬ್ದ ಇರುವುದಿಲ್ಲ. ಹೊಗೆ, ಬೆಂಕಿ, ಧೂಳು ಸಹಜವಾಗಿ ಕಾಣುವುದಿಲ್ಲ. ಓಡಾಡುವ ಮನುಷ್ಯರನ್ನು ತೋರಿಸುವುದಂತೂ ಅಪರೂಪ, ಯಾಕೆಂದರೆ ಆಟದಲ್ಲಿ ಮನುಷ್ಯರ ನಡಿಗೆ ಇನ್ನೂ ಕೃತಕವಾಗಿಯೇ ಕಾಣುತ್ತದೆ.

ನಮಸ್ಕಾರ.