ಜಿಂಕೆಯಲ್ಲ, ಹುಲ್ಲೆ

ಕೇಳುಗರಿಗೆಲ್ಲ ನಮಸ್ಕಾರ.

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಹಾಗಾಗಿ ನಡೆದರೇ ಸದ್ದಾಗುವ ಪ್ರಾಣಿಯಿಂದ ಶುರು ಮಾಡುತ್ತೇನೆ. ದಕ್ಷಿಣ ಆಫ್ರಿಕಾದ ಒಣಹುಲ್ಲಿನ ಬಯಲು. ಟಕ್... ಟಕ್... ಯಾರೋ ಬೆರಳ ನೆಟಿಕೆ ಮುರಿದ ಹಾಗೆ. ಬರುತ್ತಿರುವುದು ಎಲಾಂಡ್ ಎಂಬ ಹುಲ್ಲೆಯ ಹೋರಿ. ಕೆಲವು 900 ಕಿಲೋ ತೂಗುತ್ತವೆ. ಕತ್ತಿನ ಕೆಳಗೆ ನಮ್ಮ ಎತ್ತಿನಂತೆಯೇ ಗಂಗೆದೊಗಲು. ಮುಂಗಾಲಿನ ಮಂಡಿಯಲ್ಲಿ ಸ್ನಾಯುರಜ್ಜುವೊಂದು ಎಲುಬಿನ ಮೇಲೆ ಜಾರಿ, ತಂತಿ ಮೀಟಿದಂತಾಗಿ ಈ ಸದ್ದು ಹುಟ್ಟುತ್ತದಂತೆ. ಮೈ ದೊಡ್ಡದಾದಷ್ಟೂ ಸದ್ದು ದಪ್ಪ. ಎದುರಾಳಿ ಹೋರಿಗೆ ಅಷ್ಟೇ ಸಾಕು, ಕಾದಾಟವಿಲ್ಲದೆ ದಾರಿ ಬಿಡುತ್ತದೆ ಎನ್ನುತ್ತಾರೆ ಸಂಶೋಧಕರು. ಇಷ್ಟು ಭಾರ ಹೊತ್ತೂ ಎಲಾಂಡ್ ಆಳೆತ್ತರದ ಬೇಲಿ ಹಾರಿಬಿಡುತ್ತದೆ!

ಅದರ ಹೆಸರೇ ಒಂದು ತಪ್ಪು. ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ಗೆ ಬಂದಿಳಿದ ಡಚ್ಚರು, ಯುರೋಪಿನ ಮೂಸ್ ಎಂಬ ದೈತ್ಯ ಜಿಂಕೆಗೆ ತಮ್ಮ ನುಡಿಯಲ್ಲಿದ್ದ 'ಎಲಾಂಡ್' ಹೆಸರನ್ನು ತಂದು ಇದಕ್ಕೆ ಅಂಟಿಸಿದರು. ನಾವೇನು ಕಡಿಮೆಯೇ? ಟಿವಿಯಲ್ಲಿ ಕೊಂಬು ಕಂಡರೆ ಸಾಕು, 'ನೋಡು, ಜಿಂಕೆ' ಅನ್ನುತ್ತೇವೆ. ಆದರೆ ಆ ನಾಡಿಗೆ ಜಿಂಕೆ ಹೊರಗಿನದು. ಅಲ್ಲಿರುವುವು ಹುಲ್ಲೆಗಳು. ಬಂಡೀಪುರದ ಚುಕ್ಕೆ ಜಿಂಕೆ, ಕಡವೆ ತಮ್ಮ ಕವಲುಕೊಂಬನ್ನು ಉದುರಿಸಿ ಹೊಸದು ಬೆಳೆಸುತ್ತವೆ. ಹುಲ್ಲೆಯದು ದನದ ಕೊಂಬಿನಂಥದು: ಒಳಗೆ ಎಲುಬು, ಮೇಲೆ ಗೊರಸಿನಂಥ ಗಟ್ಟಿ ಕವಚ, ಸಾಯುವವರೆಗೂ ಅದೇ. ರಾಣೆಬೆನ್ನೂರಿನ ಕೃಷ್ಣಮೃಗವೂ ಈ ಬಳಗದ್ದೇ.

ಕುಡು ಹುಲ್ಲೆಯಲ್ಲಿ ಗಂಡಿಗೆ ಮಾತ್ರ ಕೊಂಬು, ಎರಡೂವರೆ ಸುತ್ತು ತಿರುಚಿಕೊಂಡದ್ದು. ಪೊದೆಗಳ ನಡುವೆ ಓಡುವಾಗ ತಲೆ ಹಿಂದಕ್ಕೆತ್ತಿ ಕೊಂಬನ್ನು ಬೆನ್ನಿಗೆ ಒರಗಿಸಿಕೊಳ್ಳುತ್ತದೆ. ಸ್ಪ್ರಿಂಗ್‌ಬಾಕ್ ಎಂಬ ಹುಲ್ಲೆಯ ಹೆಸರು ರಗ್ಬಿ ನೋಡುವವರಿಗೆ ಗೊತ್ತು, ದಕ್ಷಿಣ ಆಫ್ರಿಕಾ ತಂಡದ್ದೂ ಅದೇ ಹೆಸರು. ಬೆದರಿದರೆ ನಾಲ್ಕೂ ಕಾಲು ಸೆಟೆದು ಎರಡು ಮೀಟರ್ ಮೇಲಕ್ಕೆ ಪುಟಿಯುತ್ತದೆ. ಆಗ ಬೆನ್ನ ಮೇಲಿನ ಮಡಿಕೆ ಬಿಚ್ಚಿ, ಬಿಳಿ ಕೂದಲು ಬೀಸಣಿಗೆಯಂತೆ ಅರಳುತ್ತದೆ.

ನನಗೆ ತೀರಾ ಸೋಜಿಗವೆನಿಸುವುದು ನಮೀಬಿಯಾದ ರಾಷ್ಟ್ರಲಾಂಛನದಲ್ಲಿರುವ ಗೆಮ್ಸ್‌ಬಾಕ್. ಇದರಲ್ಲಿ ಹೆಣ್ಣಿಗೂ ಈಟಿಯಂಥ ನೇರ ಕೊಂಬು, ಗಂಡಿನದಕ್ಕಿಂತ ಉದ್ದ. ಮರುಭೂಮಿಯಲ್ಲಿ ಬೆವರಿ ನೀರು ಕಳೆಯುವ ಬದಲು ಮೈಯನ್ನೇ ಕಾಯಲು ಬಿಡುತ್ತದೆ. ಇದರ ಬಳಗದ ಓರಿಕ್ಸ್‌ಗಳ ಮೈಬಿಸಿ ಪ್ರಯೋಗಾಲಯದಲ್ಲಿ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದುಂಟು. ಮಿದುಳು ಬೇಯುವುದಿಲ್ಲವೇ? ಮಿದುಳಿಗೆ ಹೋಗುವ ನೆತ್ತರು ಎಳೆಎಳೆಯಾಗಿ ಕವಲೊಡೆದು, ಮೂಗಿನಲ್ಲಿ ತಣಿದು ಬಂದ ನೆತ್ತರಿನ ನಡುವೆ ಹಾದು ಆರಿಕೊಳ್ಳುತ್ತದೆ. ಕಾದ ಹಾಲಿನ ಲೋಟವನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸುತ್ತೇವಲ್ಲ, ಹಾಗೆ. ಕುಡಿಯಲು ನೀರಿಲ್ಲದಿದ್ದರೆ ಕಾಡುಕಲ್ಲಂಗಡಿ ಮೆಲ್ಲುತ್ತದೆ.

ಬಂದೂಕು ಬಂದ ಮೇಲೆ ಇವುಗಳ ಪಾಡು ಬೇರೆಯಾಯಿತು. ಬಾಂಟೆಬಾಕ್ ಎಂಬ ಕಂದುಮೈ, ಬಿಳಿಮೋರೆಯ ಹುಲ್ಲೆ ಇನ್ನೇನು ಮುಗಿದೇಹೋಗುವುದರಲ್ಲಿತ್ತು. 1830ರ ದಶಕದಲ್ಲಿ ಕೇಪ್‌ನ ಕೆಲವು ರೈತರು ಉಳಿದವನ್ನು ತಮ್ಮ ಜಮೀನಿನ ಬೇಲಿಯೊಳಗೆ ಸೇರಿಸಿಕೊಂಡರು. 1931ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಉದ್ಯಾನ ತೆರೆದಾಗ ಅಲ್ಲಿದ್ದುದು ಬರೀ 17. ಬಾಂಟೆಬಾಕ್‌ಗೆ ಹಾರಾಟ ಅಷ್ಟಾಗಿ ಒಗ್ಗದು, ಸಾಧಾರಣ ಬೇಲಿಗೇ ನಿಂತುಬಿಡುತ್ತದೆ. ಎಲಾಂಡ್ ಆಗಿದ್ದರೆ ಅದನ್ನು ಹಾರಿ, ಟಕ್ ಟಕ್ ಅನ್ನುತ್ತಾ ಬಂದೂಕಿನೆದುರಿಗೇ ಹೋಗಿಬಿಡುತ್ತಿತ್ತೇನೋ.

ನಮಸ್ಕಾರ.